ಏಳು ಸೆಕೆಂಡಿನ ‘ಸರಿಹೋಯ್ತು’

ಕಳೆದ ವಾರ ಗಿರಿನಗರದ ಒಂದು ಮೆಡಿಕಲ್ ಶಾಪಿನಲ್ಲಿ ಮಾತ್ರೆಗೆಂದು ನಿಂತಿದ್ದೆ. ನನ್ನ ಮುಂದಿದ್ದ ಹೆಂಗಸು ನೀಲಗಿರಿ ಎಣ್ಣೆಯ ಸೀಸೆ ಕೇಳಿ, ಅಸಲಿಯೋ ನಕಲಿಯೋ ಎಂದು ಮುಚ್ಚಳ ತೆಗೆದು ಮೂಸಿ ನೋಡಿದರು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಯಾವ ಮಾತ್ರೆಗೆ ಬಂದಿದ್ದೆ ಎನ್ನುವುದು ಮರೆತುಹೋಯಿತು. ಅಂಗಡಿಯವರು ಎರಡು ಸಲ “ಮೇಡಂ, ನಿಮಗೇನ್ ಬೇಕು?” ಎಂದ ಮೇಲೆ ಚೀಟಿ ಚಾಚಿದೆ. ಅಲ್ಲಿಂದ ಎರಡು ಕ್ರಾಸ್ ಆಚೆ, ಒಂದು ಮನೆಯ ಮುಂದಿನ ಕೋಣೆಯಲ್ಲಿ, ಮೂರು ವರ್ಷದ ಹಿಂದೆ ಒಂದು ಮಳೆಗಾಲವಿಡೀ ಇದೇ ಎಣ್ಣೆಯನ್ನು ಒಬ್ಬರ ಬಲಗೈಗೆ ಉಜ್ಜುತ್ತಿದ್ದರು. ನಾನು ಆ ಕೋಣೆಗೆ ಹೋಗುವಂತಾದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಆ ತಪ್ಪನ್ನು ಒಳ್ಳೆಯ ಕನ್ನಡದಲ್ಲಿ, ಉದಾಹರಣೆ ಸಮೇತ, ಅಚ್ಚು ಹಾಕಿಸಿ ಮಾಡಿದ್ದೆ.

ನಾನು ಕನ್ನಡ ಮೇಷ್ಟ್ರು. ಮೇಡಂ ಎನ್ನಬೇಕು, ಆದರೆ ಮೇಷ್ಟ್ರ ಜಂಬ ನನಗೆ ಚೆನ್ನಾಗಿ ಒಪ್ಪುತ್ತದೆ. ಜೆ.ಪಿ. ನಗರದ ಒಂದು ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಪಾಠ ಹೇಳುತ್ತೇನೆ. ಅವರಿಗೆ ಕನ್ನಡದ ಪೀರಿಯಡ್ ಎಂದರೆ ಅಕೌಂಟೆನ್ಸಿಯ ನಡುವೆ ಸಿಗುವ ವಿರಾಮ. ಆ ವರ್ಷ ಪಠ್ಯಕ್ರಮ ಬದಲಾಗಿ ‘ಸಂಸ್ಕೃತಿ ಅಧ್ಯಯನ’ ಎಂಬ ಹೊಸ ಭಾಗ ಬಂತು. ಜಾಹೀರಾತು, ಗೋಡೆಬರಹ, ಫೋನಿನಲ್ಲಿ ಓಡಾಡುವ ಚಿತ್ರ, ಯಾವುದನ್ನು ಬೇಕಾದರೂ ಕಾವ್ಯದ ಹಾಗೆ ಬಿಡಿಸಿ ಓದಬಹುದು ಎಂದಿತ್ತು. ಸಹೋದ್ಯೋಗಿಗಳು ಮೂಗು ಮುರಿದರು, ನಾನು ಒಳಗೊಳಗೇ ಕುಣಿದೆ. ಇಪ್ಪತ್ತು ವರ್ಷದಿಂದ ಕಾವ್ಯಮೀಮಾಂಸೆ ಹೇಳುತ್ತ, ಹೊರದೇಶದ ಸಿದ್ಧಾಂತಗಳನ್ನು ಅನುವಾದದಲ್ಲಿ ಓದಿ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟುಕೊಂಡಿದ್ದವಳು ನಾನು. ಅದನ್ನೆಲ್ಲ ಪ್ರಯೋಗಿಸಲು ಒಂದು ಬಲಿ ಬೇಕಾಗಿತ್ತು. ಆಗ ಈ ಪದ ನನಗೆ ಹೊಳೆದಿರಲಿಲ್ಲ, ಈಗ ಹೊಳೆಯುತ್ತಿದೆ.

ಮಳೆ ಆ ವರ್ಷ ಜೂನ್ ಹುಟ್ಟುವ ಮೊದಲೇ ಹಿಡಿಯಿತು. ಮಧ್ಯಾಹ್ನ ಮೂರಕ್ಕೆ ಆಕಾಶ ಕಪ್ಪಾಗುವುದು, ನಾಲ್ಕಕ್ಕೆ ಸುರಿಯುವುದು, ಐದಕ್ಕೆ ಬನಶಂಕರಿಯಿಂದ ಜಯನಗರದವರೆಗೆ ಎಲ್ಲರೂ ಇದ್ದಲ್ಲೇ ನಿಲ್ಲುವುದು. ಕಾಲೇಜಿನ ಮೆಟ್ಟಿಲ ತುಂಬ ಒದ್ದೆ ಕೊಡೆಗಳು, ತರಗತಿಯ ತುಂಬ ಒದ್ದೆ ಸಾಕ್ಸಿನ ವಾಸನೆ. ಆ ಮೀಮ್ ಬಂದದ್ದು ಈ ಮಳೆಯ ಜೊತೆಗೇ.

ನೀವೂ ನೋಡಿರಬಹುದು. ಬನಶಂಕರಿ ಬಸ್ ಸ್ಟ್ಯಾಂಡಿನ ಪಕ್ಕದ ರಸ್ತೆ, ಮೊಣಕಾಲಿನವರೆಗೆ ಕೆಂಪು ನೀರು. ನಡುವೆ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು, ಹಸಿರು ಸೀರೆ, ತಲೆಗೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಒಂದು ಕೈ ಆ ಚೀಲದ ಮೇಲೆ, ತಲೆ ಚಚ್ಚಿಕೊಳ್ಳುವವರ ಕೈಯ ಹಾಗೆ. ಕಣ್ಣು ಮುಚ್ಚಿ, ಬಾಯಿ ಅಗಲ ತೆರೆದು, “ಸರಿಹೋಯ್ತು! ಸರಿಹೋಯ್ತು!” ಎನ್ನುತ್ತಾರೆ. ಇಷ್ಟೇ, ಏಳು ಸೆಕೆಂಡು. ಯಾರೋ ಪುಣ್ಯಾತ್ಮರು ಹಿಂದೆ ಗುಂಪಾಗಿ ನಗುವ ಸದ್ದು ಸೇರಿಸಿದ್ದರು. ವಾರದೊಳಗೆ ಅದು ಸ್ಟಿಕ್ಕರ್ ಆಯಿತು. ರಿಸಲ್ಟ್ ಬಂದರೂ ಆಕೆ, ಕ್ರಿಕೆಟ್ಟಿನಲ್ಲಿ ನಮ್ಮವರು ಸೋತರೂ ಆಕೆ. ಪ್ರಿನ್ಸಿಪಾಲರು ಶನಿವಾರವೂ ಪೂರ್ತಿ ದಿನ ಕಾಲೇಜು ಎಂದು ಸ್ಟಾಫ್ ಗ್ರೂಪಿಗೆ ಹಾಕಿದ ಅರೆ ನಿಮಿಷಕ್ಕೆ ಆಕೆ.

ನಮ್ಮ ಕಡೆ ಈ ಮಾತಿಗೆ ಎರಡು ಮುಖ ಇರುವುದು ಎಲ್ಲರಿಗೂ ಗೊತ್ತು. ಜ್ವರ ಬಿಟ್ಟರೆ ಸರಿಹೋಯ್ತು, ಕೆಟ್ಟ ಫ್ಯಾನು ತಿರುಗಿದರೆ ಸರಿಹೋಯ್ತು. ಅದೇ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗಲೂ ಸರಿಹೋಯ್ತು, ಆಟೋದವನು “ಆ ಕಡೆ ಬರಲ್ಲ” ಎಂದಾಗಲೂ ಸರಿಹೋಯ್ತು. ಬರವಣಿಗೆಯಲ್ಲಿ ಎರಡೂ ಒಂದೇ. ದನಿಯಲ್ಲಿ ಮಾತ್ರ ಬೇರೆ, ಅದೂ ಕಿವಿಗೊಟ್ಟು ಕೇಳಿದರೆ.

“ಮ್ಯಾಮ್, ಇದನ್ನ ಪಾಠ ಮಾಡಿ ನೋಡೋಣ” ಎಂದು ಸವಾಲು ಹಾಕಿದವಳು ನಿಶ್ಚಿತಾ. ತಲಘಟ್ಟಪುರದಿಂದ ಬರುತ್ತಿದ್ದ ಹುಡುಗಿ, ಎರಡನೇ ಬೆಂಚು, ನೋಟ್ಸ್ ಬರೆಯುವುದಕ್ಕಿಂತ ಪ್ರಶ್ನೆ ಕೇಳುವುದು ಹೆಚ್ಚು. ನಾನು ಸವಾಲು ತೆಗೆದುಕೊಂಡೆ. ಎರಡು ವಾರ ಆ ಏಳು ಸೆಕೆಂಡನ್ನು ಗೋಡೆಯ ಮೇಲೆ ಹಾಕಿ ಬಿಡಿಸಿದೆ. ಇಷ್ಟು ದೊಡ್ಡ ನಗರದ ಸೋಲನ್ನು ಯಾಕೆ ಒಬ್ಬ ಹೆಂಗಸಿನ ಮೈಮೇಲೆ ಹೊರಿಸಿದ್ದೇವೆ? ನಗುವವರು ಯಾರು, ಯಾರ ಖರ್ಚಿನಲ್ಲಿ? ಒಂದು ಚಿಹ್ನೆ ತನ್ನ ಮೂಲದಿಂದ ಕಳಚಿಕೊಂಡು ಕೈಯಿಂದ ಕೈಗೆ ಹೋಗುವಾಗ ಅದರಲ್ಲಿ ಏನು ಉಳಿಯುತ್ತದೆ? ಕೊನೆಗೆ ನಮ್ಮ ಮೀಮಾಂಸಕರ ಕಡೆಗೆ ಹೊರಳಿ ಅಭಿಧಾ, ಲಕ್ಷಣಾ, ವ್ಯಂಜನಾ ಎಂದು ಬೋರ್ಡಿನ ಮೇಲೆ ಬರೆದು, ನೇರ ಅರ್ಥ, ಪಕ್ಕದ ಅರ್ಥ, ಹೊಳೆಯುವ ಅರ್ಥ ಎಂದು ಮೂರು ಗೆರೆ ಎಳೆದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಅಷ್ಟು ಸುಖ ನನಗೆ ಆ ಕಾಲೇಜಿನಲ್ಲಿ ಎಂದೂ ಆಗಿರಲಿಲ್ಲ.

ನಿಶ್ಚಿತಾ ಒಂದು ದಿನ ಕೈಯೆತ್ತಿದಳು. “ಮ್ಯಾಮ್, ಆ ಆಂಟಿ ನಿಜವಾಗ್ಲೂ ಯಾಕೆ ಹಂಗಂದ್ರು?”

“ಅದು ಮುಖ್ಯ ಅಲ್ಲಮ್ಮ” ಎಂದೆ. “ಮಾತು ಬಾಯಿ ಬಿಟ್ಟ ಮೇಲೆ ಆಡಿದೋರದ್ದಲ್ಲ, ಕೇಳಿದೋರದ್ದು.”

ಅವಳು ಅದನ್ನು ಬರೆದುಕೊಂಡಳು. ಅವಳು ಬರೆದುಕೊಂಡದ್ದು ನೋಡಿ ನನಗೆ ಇನ್ನಷ್ಟು ಖುಷಿಯಾಯಿತು.

ಪಾಠವನ್ನೇ ಸ್ವಲ್ಪ ಒಪ್ಪ ಮಾಡಿ ಲೇಖನ ಬರೆದೆ. ಜುಲೈ ಕೊನೆಯ ಒಂದು ಭಾನುವಾರ ಒಂದು ಪತ್ರಿಕೆಯ ಪುರವಣಿಯಲ್ಲಿ ಅರ್ಧ ಪುಟ ಬಂತು. ‘ನೇರ ಮಾತು ತೀರಿಕೊಂಡ ನಗರ’ ಎಂದು ತಲೆಬರಹ, ಒಂದು ಮೂಲೆಯಲ್ಲಿ ನನ್ನ ಫೋಟೋ, ನಡುವೆ ಆ ಹೆಂಗಸಿನ ತೆರೆದ ಬಾಯಿ. ನಾನು ಆಕೆಯನ್ನು ಗೇಲಿ ಮಾಡಿರಲಿಲ್ಲ. ಆಕೆಯ ಪರವಾಗಿಯೇ ಬರೆದಿದ್ದೆ, ನಗುವವರನ್ನು ತರಾಟೆಗೆ ತೆಗೆದುಕೊಂಡಿದ್ದೆ. ಆದರೆ ಆಕೆ ಯಾರು, ಎಲ್ಲಿಯವರು ಎಂದು ಕೇಳುವ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ಲೇಖನದಲ್ಲಿ ಒಂದು ವಾಕ್ಯವಿತ್ತು, ಅದನ್ನು ಮೂರು ಸಲ ತಿದ್ದಿ ಬರೆದಿದ್ದರಿಂದ ಇಂದಿಗೂ ಬಾಯಿಪಾಠ: ‘ಈ ನಗರದಲ್ಲಿ ಇನ್ನು ಯಾರೂ ಸರಿಹೋಯ್ತು ಎಂಬುದನ್ನು ನೇರ ಅರ್ಥದಲ್ಲಿ ಆಡಲಾರರು, ಆಡಿದೆವು ಎಂದು ಅವರು ನಂಬಿದ್ದರೂ ಅದು ವ್ಯಂಗ್ಯವೇ.’ ಮರುದಿನ ಬೆಳಿಗ್ಗೆ ವಾಕಿಂಗಿನಲ್ಲಿ ನಿವೃತ್ತರೊಬ್ಬರು ಅದೇ ವಾಕ್ಯ ಎತ್ತಿ ಹೇಳಿ ಕೈ ಕುಲುಕಿದರು. ಮನೆಗೆ ಬರುವವರೆಗೂ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ಆಗಸ್ಟಿನ ಎರಡನೇ ವಾರ, ಜಿಟಿಜಿಟಿ ಮಳೆಯ ಒಂದು ಮಧ್ಯಾಹ್ನ, ಕಾಲೇಜಿನ ಗೇಟಿನ ಹತ್ತಿರ ಗದ್ದಲವಾಯಿತು. ಸೆಕ್ಯುರಿಟಿಯವರು ನಗು ತಡೆದುಕೊಳ್ಳುತ್ತ ಒಬ್ಬ ಹೆಂಗಸನ್ನು ಸ್ಟಾಫ್ ರೂಮಿಗೆ ಕರೆದುಕೊಂಡು ಬಂದರು. ಹಿಂದೆ ನಾಲ್ಕಾರು ಮಕ್ಕಳು ಫೋನು ಎತ್ತಿ ಹಿಡಿದಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಮಡಿಸಿದ ಪುರವಣಿ. ಮುಖ ನೋಡಿದ ಕ್ಷಣ ನನಗೂ ಗೊತ್ತಾಯಿತು. ಮಕ್ಕಳನ್ನು ಗದರಿಸಿ ಓಡಿಸಿ ಬಾಗಿಲು ಹಾಕಿದೆ. ನಿಶ್ಚಿತಾ ಅಸೈನ್‌ಮೆಂಟ್ ಕೊಡಲು ಬಂದವಳು ಒಳಗೇ ಉಳಿದಳು.

“ನನ್ನ ಹೆಸರು ಸರ್ವಮಂಗಳಾ” ಎಂದರು. “ಗಿರಿನಗರ. ಇದನ್ನ ಬರ್ದಿರೋರು ನೀವೇ ಅಲ್ವಾ?”

ನಾನು ಕುರ್ಚಿ ಎಳೆದುಕೊಟ್ಟೆ. ಜಗಳಕ್ಕೆ ಬಂದಿದ್ದಾರೆಂದು ಭಾವಿಸಿ, ನಿಮ್ಮ ಪರವಾಗಿಯೇ ಬರೆದಿದ್ದೇನೆ ಎಂದು ಶುರು ಮಾಡಿದೆ.

“ಊರೆಲ್ಲ ನಕ್ರೆ ನಂಗೇನಾಗ್ಬೇಕು ಮೇಡಂ” ಎಂದು ಅವರು ನನ್ನನ್ನು ತಡೆದರು. “ತರಕಾರಿಗ್ ಹೋದ್ರೆ ನನ್ನ ನೋಡಿ ತಲೆ ಮೇಲೆ ಕೈ ಇಟ್ಕೋತಾರೆ. ಇಟ್ಕೊಳ್ಳಿ. ಆದ್ರೆ ಇದನ್ನ ನಮ್ಮೆಜಮಾನ್ರು ಓದ್ಬಿಟ್ರು.”

ಅವರು ಹೇಳಿದ್ದು ಇಷ್ಟು. ಗಂಡ ರುದ್ರಯ್ಯನವರು ಸರ್ಕಾರಿ ಕಚೇರಿಯೊಂದಕ್ಕೆ ಕನ್ನಡ ಟೈಪಿಸ್ಟ್ ಆಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಮಕ್ಕಳಿಲ್ಲ. ಆ ಫೆಬ್ರವರಿಯಲ್ಲಿ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಓದುತ್ತಿದ್ದರು, ಬಾಯಿಂದ ಮಾತ್ರ ಪದ ಹೊರಡುತ್ತಿರಲಿಲ್ಲ. ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಒಂದು ಕ್ರಮ ಹೇಳಿಕೊಟ್ಟಿದ್ದರು: ಅವರು ಒಂದು ಸದ್ದು ಸರಿಯಾಗಿ ಹೊರಡಿಸಿದರೂ ತಕ್ಷಣ ಮೆಚ್ಚಬೇಕು, ಪ್ರತಿ ಸಲವೂ ಅದೇ ಪದದಿಂದ ಮೆಚ್ಚಬೇಕು. ಸರ್ವಮಂಗಳಾ ಅವರ ಬಾಯಿಗೆ ಬಂದ ಪದ ‘ಸರಿಹೋಯ್ತು’. ‘ನೀ’ ಎಂದರೆ ಸರಿಹೋಯ್ತು. ‘ನೀರು’ ಎಂದರೆ ಸರಿಹೋಯ್ತು.

“ಆವತ್ತು ಔಷಧಿಗೆ ಅಂತ ಬನಶಂಕರಿಗ್ ಹೋಗಿದ್ದೆ. ಪಕ್ಕದ್ಮನೆಯೋರು ಅವ್ರ ಜೊತೆ ಕೂತಿದ್ರು. ನೀರಲ್ಲಿ ದಾಟ್ತಾ ಇದೀನಿ, ಪಕ್ಕದ್ಮನೆಯೋರ ಫೋನ್ ಬಂತು. ನೆನೀಬಾರ್ದು ಅಂತ ತಲೆಗ್ ಹಾಕಿದ್ದ ಚೀಲದೊಳಗೇ ಇಟ್ಕೊಂಡು ಕಿವಿಗ್ ಒತ್ಕೊಂಡೆ. ಆ ಕಡೆಯಿಂದ ಇವ್ರು ‘ಮಂಗಳಾ’ ಅಂದ್ರು. ಯಾರೂ ಹೇಳ್ಕೊಟ್ಟಿರ್ಲಿಲ್ಲ. ತಾವೇ ಅಂದಿದ್ದು. ನಾಕ್ ತಿಂಗ್ಳಾಗಿತ್ತು ನನ್ನ ಹೆಸ್ರು ಕೇಳಿ.”

ಅವರು ಅಳಲಿಲ್ಲ. ಪುರವಣಿಯ ಮಡಿಕೆಯನ್ನು ಉಗುರಿನಿಂದ ತೀಡುತ್ತ ಕೂತಿದ್ದರು. ಮೀಮ್ ಹಬ್ಬಿದ ಮೇಲೂ ಗಂಡನಿಗೆ ಅದು ಕಾಣದ ಹಾಗೆ ನೋಡಿಕೊಂಡಿದ್ದರಂತೆ. ರುದ್ರಯ್ಯನವರು ಫೋನು ಮುಟ್ಟುವವರಲ್ಲ. ದಿನಾ ಹತ್ತು ಹನ್ನೆರಡು ಪದ ಸಲೀಸಾಗಿ ಆಡುವಷ್ಟು ಸುಧಾರಿಸಿದ್ದರು. ಆದರೆ ಪೇಪರ್ ಮಾತ್ರ ಮೊದಲಿನಿಂದಲೂ ಮೊದಲ ಪುಟದಿಂದ ಕೊನೆಯವರೆಗೆ ಓದುವ ಅಭ್ಯಾಸ. ಆ ಭಾನುವಾರ ಪುರವಣಿ ಬಿಡಿಸಿದರೆ ಹೆಂಡತಿಯ ಮುಖ, ಕೆಳಗೆ ನನ್ನ ವಾಕ್ಯ. ಆವತ್ತಿನಿಂದ ಅವರು ಬಾಯಿ ತೆರೆದಿಲ್ಲ. ಹೆಂಡತಿ ‘ಸರಿಹೋಯ್ತು’ ಎಂದರೆ ಗೋಡೆಯ ಕಡೆ ತಿರುಗುತ್ತಾರೆ, ಎಣ್ಣೆ ಉಜ್ಜಲು ಹೋದರೆ ಕೈ ಹಿಂದೆಳೆಯುತ್ತಾರೆ.

“ಇಷ್ಟ್ ದಿನ ತಮ್ಮನ್ನ ಆಡ್ಕೊಳ್ತಿದ್ದೆ ಅಂದ್ಕೊಂಡಿದಾರೆ” ಎಂದರು ಸರ್ವಮಂಗಳಾ. “ಅಲ್ಲ ಅಂತ ನಾನ್ ಹೇಳಿದ್ರೆ ನಂಬಲ್ಲ. ಅಚ್ಚಲ್ಲಿ ಬಂದಿದೆಯಲ್ಲ. ನೀವೇ ಬಂದು ಹೇಳಿ, ತಪ್ಪಾಯ್ತು ಅಂತ.”

ಆಗ ನಾನು ಆಡಿದ ಮಾತನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ. “ನೋಡೀಮ್ಮ, ಅದು ನಿಮ್ಮ ವೈಯಕ್ತಿಕ ಮಾತಿನ ಬಗ್ಗೆ ಅಲ್ಲ, ಸಮಾಜ ಅದನ್ನ ಹೇಗೆ ಬಳಸ್ತಿದೆ ಅನ್ನೋದರ ಬಗ್ಗೆ” ಎಂದೆ. ಅವರು ಪುರವಣಿಯನ್ನು ಚೀಲಕ್ಕೆ ಹಾಕಿಕೊಂಡರು. “ನಂಗಷ್ಟೆಲ್ಲ ತಿಳಿಯಲ್ಲ ಮೇಡಂ” ಎಂದು ಎದ್ದರು. ಒಂದು ಚೀಟಿಯಲ್ಲಿ ವಿಳಾಸ ಬರೆದು ಮೇಜಿನ ಮೇಲಿಟ್ಟು ಹೋದರು. ಗೇಟಿನ ಕಡೆಯಿಂದ ಯಾರೋ “ಸರಿಹೋಯ್ತು” ಎಂದು ಕೂಗಿದ್ದು, ಮಕ್ಕಳು ನಕ್ಕಿದ್ದು ಕೇಳಿಸಿತು.

ನಾನು ನಾಲ್ಕು ದಿನ ಆ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡಿದೆ. ಆಕೆಯ ಕಥೆ ನಿಜ ಎನ್ನುವುದಕ್ಕೆ ಆಧಾರವೇನು ಎಂದೂ ಒಂದು ಸಲ ಅಂದುಕೊಂಡೆ, ಸುಳ್ಳೇಕೆ ಹೇಳಲಿ. ಆಧಾರ ತಂದವಳು ನಿಶ್ಚಿತಾ. ಅವಳು ನನಗೆ ಹೇಳದೆ ಆ ತುಣುಕಿನ ಬೆನ್ನು ಹತ್ತಿದ್ದಳು. ಬನಶಂಕರಿಯ ನಿವಾಸಿಯೊಬ್ಬರು ರಸ್ತೆಯ ನೀರಿನ ಬಗ್ಗೆ ದೂರು ಕೊಡಲೆಂದು ಬಸ್ ಶೆಲ್ಟರಿನಿಂದ ತೆಗೆದಿದ್ದ ವಿಡಿಯೋ ಅದು. ಮೂಲದಲ್ಲಿ ಇಪ್ಪತ್ತೊಂದು ಸೆಕೆಂಡು ಇತ್ತು. ಯಾರೋ ಎರಡೂ ತುದಿ ಕತ್ತರಿಸಿ, ಪಕ್ಕವನ್ನೂ ಕತ್ತರಿಸಿ, ನಗು ಅಂಟಿಸಿ ಬಿಟ್ಟಿದ್ದರು.

ಖಾಲಿ ತರಗತಿಯಲ್ಲಿ ಇಬ್ಬರೂ ಕೂತು ನೋಡಿದೆವು. ಪೂರ್ತಿ ಚಿತ್ರದಲ್ಲಿ ಚೀಲದ ಒಳಗೆ ಫೋನಿನ ಬೆಳಕು ಚೌಕವಾಗಿ ಕಾಣುತ್ತಿತ್ತು. ಆ ಕೈ ಇದ್ದದ್ದು ತಲೆಯ ಮೇಲಲ್ಲ, ಕಿವಿಯ ಮೇಲೆ. ‘ಸರಿಹೋಯ್ತು’ ಎರಡು ಸಲ ಆದ ಮೇಲೆ, ಮೀಮಿನಲ್ಲಿ ಕತ್ತರಿಸಿಹೋಗಿದ್ದ ಕಡೆ, ಅವರ ದನಿ ಒಡೆದು, “ಇನ್ನೊಂದ್ಸಲ ಅನ್ನಿ, ಇನ್ನೊಂದೇ ಒಂದ್ಸಲ ಕರೀರಿ” ಎನ್ನುತ್ತಿತ್ತು.

ನಿಶ್ಚಿತಾ ಅಳುತ್ತಿದ್ದಳು. “ಮ್ಯಾಮ್, ನಾನ್ ಕೇಳಿದ್ನಲ್ಲ ಅವತ್ತು” ಎಂದಳು. ಅಷ್ಟೇ ಅಂದದ್ದು, ದೂರಲಿಲ್ಲ.

ಲಕ್ಷಣಾವೃತ್ತಿಯ ಮೊದಲ ನಿಯಮವನ್ನು ನಾನು ವರ್ಷ ವರ್ಷ ಹೇಳಿಕೊಟ್ಟಿದ್ದೇನೆ. ಮಾತಿನ ನೇರ ಅರ್ಥ ಹೊಂದದೆ ಹೋದಾಗ ಮಾತ್ರ ಬೇರೆ ಅರ್ಥಕ್ಕೆ ಹೋಗಬೇಕು. ಗಂಗೆಯ ಮೇಲೆ ಹಳ್ಳಿ ಇದೆ ಎಂದರೆ, ನೀರಿನ ಮೇಲೆ ಹಳ್ಳಿ ನಿಲ್ಲಲಾರದು, ಆದ್ದರಿಂದ ದಡ ಎಂದು ತಿಳಿಯಬೇಕು. ಮೊದಲು ನೀರಿನ ಮೇಲೆ ನಿಲ್ಲಲಾರದು ಎಂದು ಖಚಿತವಾಗಬೇಕು. ಪರೀಕ್ಷೆಯಲ್ಲಿ ಇದನ್ನು ಬಿಟ್ಟ ಮಕ್ಕಳಿಗೆ ನಾನು ಎರಡು ಅಂಕ ಕಳೆಯುತ್ತಿದ್ದೆ. ಆ ಹೆಂಗಸಿನ ವಿಷಯದಲ್ಲಿ ನೇರ ಅರ್ಥ ಹೊಂದುತ್ತದೆಯೋ ಇಲ್ಲವೋ ಎಂದು ನೋಡುವ ಗೋಜಿಗೇ ನಾನು ಹೋಗಿರಲಿಲ್ಲ. ನೀರಿನಲ್ಲಿ ನಿಂತ ಮನುಷ್ಯರಿಗೆ ಸಂತೋಷವಾಗಿರಬಹುದು ಎಂದು ನನಗೆ ಹೊಳೆದಿರಲೇ ಇಲ್ಲ.

ಪತ್ರಿಕೆಗೆ ಫೋನು ಮಾಡಿ ತಿದ್ದುಪಡಿ ಹಾಕಿ ಎಂದು ಕೇಳಿದೆ. ಆ ಕಡೆಯವರು ಬಹಳ ಮರ್ಯಾದೆಯಿಂದ, “ಮೇಡಂ, ಹೆಸರು, ತಾರೀಕು ತಪ್ಪಾಗಿದ್ರೆ ಹಾಕ್ತೀವಿ. ಇದು ವ್ಯಾಖ್ಯಾನ. ವ್ಯಾಖ್ಯಾನ ತಪ್ಪಾಗೋದು ಹೇಗೆ?” ಎಂದರು. ನನ್ನದೇ ವಾದವನ್ನು ನನಗೇ ಒಪ್ಪಿಸಿದಂತಾಯಿತು. ಫೋನಿಟ್ಟೆ.

ಮುಂದಿನ ಶನಿವಾರ ಗಿರಿನಗರಕ್ಕೆ ಹೋದೆ. ಚಿಕ್ಕ ಕಾಂಪೌಂಡು, ಒಂದು ನುಗ್ಗೆ ಮರ, ಮುಂದಿನ ಕೋಣೆಯ ಕಿಟಕಿಯ ಬಳಿ ಮಂಚ. ಕೋಣೆಯ ತುಂಬ ನೀಲಗಿರಿ ಎಣ್ಣೆಯ ವಾಸನೆ. ರುದ್ರಯ್ಯನವರು ದಿಂಬಿಗೆ ಒರಗಿ ಕೂತಿದ್ದರು. ಮಡಿಯಾದ ಜುಬ್ಬಾ, ನುಣ್ಣಗೆ ಬೋಳಿಸಿದ ಕೆನ್ನೆ, ಮಡಿಲಲ್ಲಿ ಪೇಪರ್. ನಾನು ಯಾರೆಂದು ಹೆಂಡತಿ ಹೇಳಿದಾಗ ಎಡಗೈ ಎತ್ತಿ ನಮಸ್ಕಾರ ಮಾಡಿದರು. ಆ ನಮಸ್ಕಾರ ಇಲ್ಲದಿದ್ದರೆ ನನಗೆ ಸುಲಭವಾಗುತ್ತಿತ್ತು.

ತಪ್ಪಾಯಿತು ಎಂದು ಬಾಯಲ್ಲಿ ಹೇಳಿದೆ. ವಿಡಿಯೋ ತೋರಿಸಿದೆ. ಇಪ್ಪತ್ತೊಂದು ಸೆಕೆಂಡೂ ನೋಡಿದರು, ಕೊನೆಯ ಮಾತೂ ಕೇಳಿಸಿಕೊಂಡರು. ಆಮೇಲೆ ಫೋನನ್ನು ಎಡಗೈಯಿಂದ ಮೆಲ್ಲಗೆ ನನ್ನ ಕಡೆ ಸರಿಸಿ ಪೇಪರಿನ ಮೇಲೆ ಬೆರಳಿಟ್ಟರು. ಎರಡು ಸಲ ತಟ್ಟಿದರು. ನನಗೆ ತಿಳಿಯಲಿಲ್ಲ.

“ಬರವಣಿಗೇಲಿ ಬೇಕು ಅಂತಾರೆ” ಎಂದರು ಸರ್ವಮಂಗಳಾ. “ಬಾಯ್ಮಾತ್ನ ಆಫೀಸಲ್ಲೂ ನಂಬ್ತಿರ್ಲಿಲ್ಲ.”

ಅವರು ಟೀ ಮಾಡಲು ಹೋದಾಗ ನಾನೂ ಅಡುಗೆಮನೆಗೆ ಹೋದೆ. ಅಲ್ಲಿ ಅವರು ನನಗೆ ಬೆನ್ನು ಹಾಕಿಕೊಂಡೇ ಇನ್ನೊಂದು ಮಾತು ಹೇಳಿದರು.

“ಪೂರ್ತಿ ನಿಮ್ದೇ ತಪ್ಪು ಅನ್ನಲ್ಲ ಮೇಡಂ. ನನ್ನ ಬಾಯಿ ಮೊದ್ಲಿಂದ ಹಂಗೇ. ಸ್ಕೂಟರ್ ಬೀಳಿಸ್ಕೊಂಡ್ ಬಂದ್ರೆ ಸರಿಹೋಯ್ತು, ಬದನೆಕಾಯಿ ಹುಳುಕು ತಂದ್ರೆ ಸರಿಹೋಯ್ತು. ಮೂವತ್ತೆರಡು ವರ್ಷ ಕೊಂಕು ಮಾತೇ ಆಡಿದೀನಿ ಅವ್ರಿಗೆ. ನಗ್ತಿದ್ರು. ತಿರುಗಿಸಿ ಅಂತಾನೂ ಇದ್ರು. ಬಾಯಿದ್ದಾಗ ಕೊಂಕು ತಡ್ಕೋಬಹುದು. ಬಾಯಿಲ್ದೋರು ಹೆಂಗ್ ತಡ್ಕೋತಾರೆ?” ಲೋಟಕ್ಕೆ ಟೀ ಬಗ್ಗಿಸುತ್ತ, “ಈ ಸಲ ನಿಜ್ವಾಗ್ಲೂ ಅಂದೆ. ಅದೊಂದ್ ಅವ್ರಿಗೆ ಗೊತ್ತಾದ್ರೆ ಸಾಕು ನಂಗೆ. ಮಾತಾಡ್ದಿದ್ರೂ ಪರ್ವಾಗಿಲ್ಲ” ಎಂದರು.

ಆ ಪತ್ರ ಬರೆಯಲು ನನಗೆ ಒಂದು ವಾರ ಹಿಡಿಯಿತು. ಲೇಖನಕ್ಕೆ ಎರಡೇ ಸಂಜೆ ಸಾಕಾಗಿತ್ತು. ವಿಶೇಷಣಗಳನ್ನು ಹೊಡೆದುಹಾಕಿದೆ, ‘ಬಹುಶಃ’ ಎಂಬುದನ್ನು ಹೊಡೆದುಹಾಕಿದೆ, ನನ್ನ ಸಂಕಟದ ವಿವರವನ್ನೂ ಹೊಡೆದುಹಾಕಿದೆ. ಕೊನೆಗೆ ಕಚೇರಿಯ ಪತ್ರದ ರೀತಿಯೇ ಸರಿ ಎನಿಸಿತು. ವಿಷಯ: ಸರ್ವಮಂಗಳಾ ಅವರ ಮಾತನ್ನು ತಪ್ಪಾಗಿ ಅರ್ಥೈಸಿದ ಬಗ್ಗೆ. ಉಲ್ಲೇಖ: ಪುರವಣಿಯಲ್ಲಿ ಪ್ರಕಟವಾದ ನನ್ನ ಲೇಖನ. ‘ಮಾನ್ಯರೇ, ಮೇಲ್ಕಂಡ ಲೇಖನದಲ್ಲಿ ತಮ್ಮ ಪತ್ನಿಯವರ ಮಾತು ವ್ಯಂಗ್ಯವೆಂದು ಬರೆದಿರುತ್ತೇನೆ. ಅವ ರನ್ನು ಕೇಳದೆ ಬರೆದಿರುತ್ತೇನೆ. ತಾವು ಹೆಸರು ಹಿಡಿದು ಕರೆದ ಸಂತೋಷಕ್ಕೆ ಅವರು ಆ ಮಾತನ್ನು ಆಡಿರುತ್ತಾರೆ. ನನ್ನ ಲೇಖನ ತಪ್ಪು.’ ಕೆಳಗೆ ಸಹಿ, ತಾರೀಕು.

ರುದ್ರಯ್ಯನವರು ಅದನ್ನು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದರು. ಒಂದು ಕಡೆ ‘ಅವ’ ಮತ್ತು ‘ರನ್ನು’ ನಡುವೆ ನನ್ನ ಕೀಲಿಮಣೆ ಜಾಗ ಬಿಟ್ಟಿತ್ತು. ಆ ಜಾಗದ ಮೇಲೆ ಬೆರಳಿಟ್ಟು ನನ್ನತ್ತ ನೋಡಿದರು, ಹಳೆಯ ಟೈಪಿಸ್ಟಿನ ಕಣ್ಣು. ಆಮೇಲೆ ಪೆನ್ನಿಗಾಗಿ ಕೈ ಚಾಚಿದರು. ಎಡಗೈಯಲ್ಲಿ ಬಹಳ ಹೊತ್ತು ತೆಗೆದುಕೊಂಡು ಪತ್ರದ ಕೆಳಗೆ ತಮ್ಮ ಹೆಸರಿನ ‘ರು’ ಎಂದು ಒಂದೇ ಅಕ್ಷರ ಬರೆದು ಹೆಂಡತಿಯ ಕೈಗೆ ಕೊಟ್ಟರು. ಸರ್ವಮಂಗಳಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಇನ್ನೇನು ಮಾತಾಡುತ್ತಾರೆ ಎಂದು ನಾವಿಬ್ಬರೂ ಕಾದೆವು. ಹೊರಗೆ ಮಳೆ ಸುರಿಯುತ್ತಿತ್ತು, ರುದ್ರಯ್ಯನವರು ಕಿಟಕಿಯ ಕಡೆ ನೋಡುತ್ತಿದ್ದರು.

ಆಮೇಲೂ ನಾನು ಶನಿವಾರ ಶನಿವಾರ ಹೋದೆ. ಕರೆದರೆಂದು ಅಲ್ಲ, ಬೇಡ ಎನ್ನಲಿಲ್ಲವೆಂದು. ರುದ್ರಯ್ಯನವರಿಗೆ ಪೇಪರ್ ಓದಿ ಹೇಳುತ್ತಿದ್ದೆ, ಅವರೇ ಓದಬಲ್ಲವರಾದರೂ ಕೇಳಿಸಿಕೊಳ್ಳುತ್ತಿದ್ದರು. ಸರ್ವಮಂಗಳಾ ಎಣ್ಣೆ ಉಜ್ಜಲು ಬಂದರೆ ಈಗ ಕೈ ಹಿಂದೆಳೆಯುತ್ತಿರಲಿಲ್ಲ. ಒಮ್ಮೆ ಉಜ್ಜುತ್ತಿದ್ದ ಅವರ ಕೈಯ ಮೇಲೆ ತಮ್ಮ ಎಡಗೈ ಇಟ್ಟು ತುಂಬ ಹೊತ್ತು ತೆಗೆಯಲಿಲ್ಲ. ಆದರೆ ಮಾತು ಬರಲಿಲ್ಲ. ಥೆರಪಿಸ್ಟ್ ಪ್ರಯತ್ನಿಸಿದರು, ಪದ ಬದಲಿಸಿ ಎಂದರು. ಸರ್ವಮಂಗಳಾ ಭೇಷ್ ಎಂದು ನೋಡಿದರು, ಶಾಬಾಸ್ ಎಂದು ನೋಡಿದರು. ತಮ್ಮದಲ್ಲದ ಪದಗಳನ್ನು ಹೇಳಿ ಹೇಳಿ ಸುಮ್ಮನಾದರು. ಆ ಮನೆಯಲ್ಲಿ ನಾನೊಬ್ಬಳೇ ಮಾತಾಡುತ್ತಿದ್ದೆ, ನನಗೆ ನನ್ನ ದನಿಯೇ ಬೇಸರವಾಗುತ್ತಿತ್ತು.

ಮಳೆ ನಿಂತದ್ದು ಅಕ್ಟೋಬರ್ ಕೊನೆಗೆ. ಆ ಹೊತ್ತಿಗೆ ಮೀಮ್ ಕೂಡ ಸತ್ತಿತ್ತು, ಜನರಿಗೆ ನಗಲು ಇನ್ನೊಬ್ಬರು ಸಿಕ್ಕಿದ್ದರು. ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ರುದ್ರಯ್ಯನವರಿಗೆ ಎರಡನೇ ಸಲ ಲಕ್ವ ಹೊಡೆಯಿತು. ಎರಡು ದಿನ ಆಸ್ಪತ್ರೆಯಲ್ಲಿದ್ದರು, ಮೂರನೇ ದಿನ ಲಿಂಗೈಕ್ಯರಾದರು.

ಹನ್ನೊಂದನೇ ದಿನದ ಶಿವಗಣಾರಾಧನೆಗೆ ಹೋಗಿದ್ದೆ. ಊಟ ಮುಗಿದು ನೆಂಟರು ಚದುರಿದ ಮೇಲೆ ಸರ್ವಮಂಗಳಾ ನನ್ನನ್ನು ಮುಂದಿನ ಕೋಣೆಗೆ ಕರೆದರು. ಮಂಚ ತೆಗೆದಿದ್ದರು. ಟ್ಯಾಗ್ ದಾರ ಕಟ್ಟಿದ ಒಂದು ಹಳೆಯ ಫೈಲಿನಿಂದ ನನ್ನ ಪತ್ರ ತೆಗೆದರು.

“ಒಂದ್ ಕೇಳ್ಬೇಕು ಮೇಡಂ. ಆಫೀಸಲ್ಲಿ ಇವ್ರು ಒಪ್ಪಿದ್ರೆ ಪೂರ್ತಿ ಸೈನ್ ಹಾಕಿ ತಾರೀಕ್ ಹಾಕ್ತಿದ್ರು. ಬರೀ ಫೈಲ್ ನೋಡಿದೀನಿ, ನಂದೇನೂ ಅಭಿಪ್ರಾಯ ಇಲ್ಲ ಅನ್ನೋದಿದ್ರೆ ಹಿಂಗ್ ಒಂದೇ ಅಕ್ಷರ. ಮನೇಲೂ ಅಷ್ಟೇ, ಹಾಲಿನ ಚೀಟಿಗೂ ಅಷ್ಟೇ. ಎಡಗೈಲಿ ಇಷ್ಟೇ ಬರ್ಯಕ್ಕಾಗಿದ್ದು ಅಂತಾನೂ ಇರ್ಬಹುದು. ಹನ್ನೊಂದ್ ದಿನದಿಂದ ಇದನ್ನೇ ನೋಡ್ತಾ ಕೂತಿದೀನಿ. ನೀವು ಇಂಥದ್ನೆಲ್ಲ ಓದಿ ಅರ್ಥ ಹೇಳೋರು. ಇದು ಒಪ್ಪಿದ್ದಾ, ಬರೀ ನೋಡಿದ್ದಾ?”

ಪತ್ರ ಕೈಗೆ ತೆಗೆದುಕೊಂಡೆ. ‘ರು’ ಅಕ್ಷರದ ಬಾಲ ಓರೆಯಾಗಿ ಕೆಳಗೆ ಜಾರಿತ್ತು. ತಲೆಯೊಳಗೆ ವಾದಗಳು ಆಗಲೇ ಸಾಲುಗಟ್ಟಿದ್ದವು. ನೋಡಿದ್ದೇನೆ ಎನ್ನುವವರು ಅಷ್ಟು ಒತ್ತಿ ಬರೆಯುವುದಿಲ್ಲ. ಪತ್ರವನ್ನು ನನಗೆ ಹಿಂದಿರುಗಿಸದೆ ಹೆಂಡತಿಯ ಕೈಗೆ ಕೊಟ್ಟರು. ಹೆಂಡತಿಯ ಕೈ ಹಿಡಿದರು. ಐದು ನಿಮಿಷ ಸಿಕ್ಕಿದ್ದರೆ, ಅವರು ಒಪ್ಪಿದ್ದರು ಎಂದು ಯಾರೂ ಅಲ್ಲಗಳೆಯದ ಹಾಗೆ ಸಾಧಿಸಿಬಿಡುತ್ತಿದ್ದೆ. ಸರ್ವಮಂಗಳಾ ಅವರಿಗೂ ಅದೇ ಬೇಕಾಗಿತ್ತು. ನನಗಂತೂ ಅವರಿಗಿಂತ ಹೆಚ್ಚಾಗಿ ಬೇಕಾಗಿತ್ತು. ಆದರೆ ಒಪ್ಪದೆಯೂ ಹೆಂಡತಿಯ ಕೈ ಹಿಡಿಯಬಹುದು, ಮೂವತ್ತೆರಡು ವರ್ಷದ ಅಭ್ಯಾಸ ಅದು. ಅಷ್ಟು ಹೊತ್ತಿಗೆ ನನಗೂ ಇಷ್ಟು ತಿಳಿದಿತ್ತು.

“ಗೊತ್ತಿಲ್ಲಮ್ಮ” ಎಂದೆ.

ಅವರು ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, ಫೈಲಿನೊಳಗಿಟ್ಟು, ದಾರ ಕಟ್ಟಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ.

“ಪೇಪರಲ್ಲೂ ಗೊತ್ತಿಲ್ಲ ಅಂತಾನೇ ಬರ್ದಿದ್ರೆ ಸಾಕಿತ್ತಲ್ಲ ಮೇಡಂ” ಎಂದರು.